ಲೆಕ್ಕ ತಪ್ಪಿತೆಂದು ನಡುಗಿದ ಶಿಲ್ಪಿ: ಮೇಜರ್ ಚಾರ್ಲ್ಸ್ ಮ್ಯಾಂಟ್

ಗಡಹಿಂಗ್ಲಜದಿಂದಾಗಲಿ ಇಚಲಕರಂಜಿಯಿಂದಾಗಲಿ ಕೊಲ್ಲಾಪುರಕ್ಕೆ ಹೋದ ವಿದ್ಯಾರ್ಥಿ ಅಂಬಾಬಾಯಿಯ ದರ್ಶನ ಮುಗಿಸಿದ ಮೇಲೆ ಸಾಮಾನ್ಯವಾಗಿ ನೋಡುವ ತಾಣ ಹೊಸ ಅರಮನೆ. ನಯಗೊಳಿಸಿದ ಕರಿಕಲ್ಲಿನ ಗೋಡೆಗಳು, ನಡುವೆ ಎದ್ದು ನಿಂತ ಎಂಟು ಮೂಲೆಯ ಗಡಿಯಾರ ಗೋಪುರ, ಗುಮ್ಮಟಗಳು, ಸಾಲುಸಾಲು ಕಮಾನುಗಳು. ಇಂದು ಈ ಕಟ್ಟಡ ರಾಜರ್ಷಿ ಶಾಹೂ ಮಹಾರಾಜರ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಆದರೆ ಇದರ ನಕ್ಷೆ ಬರೆದವನು ಶಾಹೂ ಮಹಾರಾಜರು ದತ್ತಕವಾಗಿ ಗಾದಿಗೆ ಬರುವ ಮೂರು ವರ್ಷ ಮೊದಲೇ ತೀರಿಕೊಂಡಿದ್ದ. ತಾನು ರೂಪಿಸಿದ ಅರಮನೆ ಪೂರ್ಣಗೊಂಡದ್ದನ್ನು ಆತ ಕಾಣಲಿಲ್ಲ. ಕಾಣದೆ ಹೋದದ್ದಷ್ಟೇ ಅಲ್ಲ, ಅದು ನಿಲ್ಲುವುದೆಂಬ ನಂಬಿಕೆಯೇ ಕೊನೆಗಾಲದಲ್ಲಿ ಆತನಲ್ಲಿ ಉಳಿದಿರಲಿಲ್ಲ. ಆತನ ಹೆಸರು ಚಾರ್ಲ್ಸ್ ಮ್ಯಾಂಟ್. ಭಾರತದ ಆಧುನಿಕ ವಾಸ್ತುಶಿಲ್ಪದ ಚರಿತ್ರೆಯನ್ನು ಓದುವವರಿಗೆ ಈ ಹೆಸರು ಸುಪರಿಚಿತ. ಆತನ ಕಮಾನುಗಳ ಕೆಳಗೆ ದಿನವೂ ಓಡಾಡುವ ಊರಿಗೆ ಮಾತ್ರ ಅಷ್ಟಾಗಿ ಪರಿಚಯವಿಲ್ಲ.

ಮ್ಯಾಂಟ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, 1839ರ ಸುಮಾರಿಗೆ. ಸೈನ್ಯದ ಎಂಜಿನಿಯರುಗಳ ಪಡೆಯನ್ನು ಸೇರಿ, 1857ರ ದಂಗೆ ಅಡಗಿ ಕಂಪನಿಯ ಆಳ್ವಿಕೆ ರಾಣಿಯ ಕೈಗೆ ಹೋದ ದಿನಗಳಲ್ಲಿ ಭಾರತಕ್ಕೆ ಬಂದ. ಆಗ ಸೇನಾ ಎಂಜಿನಿಯರೆಂದರೆ ರಸ್ತೆ, ಸೇತುವೆ, ಬ್ಯಾರಕ್ಕು, ಕಚೇರಿ ಎಲ್ಲವನ್ನೂ ಕಟ್ಟಿಸಬೇಕಾದವನು. ಮುಂಬಯಿಯ ಹಳೆಯ ಕೋಟೆಗೋಡೆಗಳನ್ನು ಕೆಡವಿ ಗಾಥಿಕ್ ಶೈಲಿಯ ಭವ್ಯ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ ಅದು. ತುದಿ ಚೂಪಾದ ಕಮಾನು, ಬಣ್ಣಬಣ್ಣದ ಕಲ್ಲು, ಎತ್ತರದ ಗೋಪುರ, ಇವು ಆ ದಶಕದ ರುಚಿ. ಮ್ಯಾಂಟನ ಆರಂಭದ ಕೆಲಸಗಳೂ ಅದೇ ಅಚ್ಚಿನವು. ಸೂರತ್ತಿನ ಹೈಸ್ಕೂಲು ಅವುಗಳಲ್ಲಿ ಒಂದು.

ಕೊಲ್ಲಾಪುರದೊಂದಿಗೆ ಆತನ ನಂಟನ್ನು ನೆನಪಿಸುವ ಒಂದು ಕೃತಿ ಕೊಲ್ಲಾಪುರದಲ್ಲಿ ಇಲ್ಲವೇ ಇಲ್ಲ. ಅದು ಇಟಲಿಯ ಫ್ಲಾರೆನ್ಸ್ ನಗರದಲ್ಲಿದೆ. ಎರಡನೆಯ ರಾಜಾರಾಮ ಮಹಾರಾಜರು 1870ರಲ್ಲಿ ಇಂಗ್ಲೆಂಡಿಗೆ ಹೋಗಿ, ಮರಳುವ ದಾರಿಯಲ್ಲಿ ಫ್ಲಾರೆನ್ಸಿನಲ್ಲಿ ಕಾಯಿಲೆ ಬಿದ್ದು, ನವೆಂಬರ್ 30ರಂದು ತೀರಿಕೊಂಡರು. ಆಗ ಅವರಿಗೆ ಇನ್ನೂ ಇಪ್ಪತ್ತರ ಪ್ರಾಯ. ಜತೆಗಿದ್ದವರು ಹಿಂದೂ ಸಂಪ್ರದಾಯದಂತೆ ದಹನಕ್ಕೆ ಅನುಮತಿ ಪಡೆದು, ಆರ್ನೋ ಮತ್ತು ಮುನ್ಯೋನೆ ನದಿಗಳು ಕೂಡುವ ಸಂಗಮದಲ್ಲಿ ಸಂಸ್ಕಾರ ನಡೆಸಿದರು. ನದಿಗಳು ಸೇರುವೆಡೆಯಲ್ಲಿ ಚಿತೆ ಇಡುವ ಪದ್ಧತಿ ಅಷ್ಟು ದೂರದಲ್ಲೂ ಉಳಿದುಕೊಂಡಿತು. ಅಲ್ಲಿ ಕಟ್ಟಿಸಬೇಕಾದ ಛತ್ರಿಯ ನಕ್ಷೆ ಮ್ಯಾಂಟನದು. ಒಳಗಿರುವ ಅರ್ಧಪ್ರತಿಮೆ ಫುಲ್ಲರ್ ಎಂಬ ಆಂಗ್ಲ ಶಿಲ್ಪಿಯದು. 1874ರಲ್ಲಿ ಅದು ಸಿದ್ಧವಾಯಿತು. ಫ್ಲಾರೆನ್ಸ್ ಎಂದರೆ ಬ್ರುನೆಲ್ಲೆಸ್ಕಿ ನೆಲದಿಂದ ಎದ್ದ ಆಸರೆಯ ಅಟ್ಟವಿಲ್ಲದೆ ಹದಿನೈದನೆಯ ಶತಮಾನದಲ್ಲಿ ಮಹಾಗುಮ್ಮಟವನ್ನು ಎತ್ತಿ ನಿಲ್ಲಿಸಿದ ಊರು. ಆ ಊರಿನ ಅಂಚಿನಲ್ಲಿ ಕಂಬಗಳ ಮೇಲೊಂದು ಪುಟ್ಟ ಗುಮ್ಮಟವನ್ನು ಕೂರಿಸಿ ಕೊಲ್ಲಾಪುರದ ತರುಣ ರಾಜನ ನೆನಪನ್ನು ಉಳಿಸಿದ್ದು ಮ್ಯಾಂಟನ ಸೌಮ್ಯವಾದ ಕೃತಿಗಳಲ್ಲಿ ಒಂದು. ಅಲ್ಲಿಯ ಜನ ಅದನ್ನು ಭಾರತೀಯನ ಸ್ಮಾರಕವೆಂದೇ ಕರೆಯುತ್ತಾರೆ. ಮುಂದೆ ಹತ್ತಿರದಲ್ಲಿ ಎದ್ದ ದೊಡ್ಡ ಸೇತುವೆಗೂ ಅದೇ ಹೆಸರು ಬಿತ್ತು.

ಊರೊಳಗೆ ಆತ ಕಟ್ಟಿಸಿದವು ಹಲವು. ಟೌನ್ ಹಾಲ್ ಎದ್ದದ್ದು 1872ರಿಂದ 1876ರ ನಡುವೆ. ಚೂಪು ಗೋಪುರಗಳ, ಇಳಿಜಾರು ಮಾಡಿನ ಆ ಕಟ್ಟಡವನ್ನು ನೋಡಿದರೆ ಇಂಗ್ಲೆಂಡಿನ ಯಾವುದೋ ಊರಿನಿಂದ ಎತ್ತಿ ತಂದು ಇಟ್ಟಂತೆ ತೋರುತ್ತದೆ. ಈಗ ಅದು ವಸ್ತುಸಂಗ್ರಹಾಲಯ. ಬ್ರಹ್ಮಪುರಿಯ ಉತ್ಖನನದಲ್ಲಿ ದೊರೆತ ಪ್ರಾಚೀನ ವಸ್ತುಗಳು ಅಲ್ಲಿವೆ. ಎದುರಿಗೇ ಇರುವ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ನಕ್ಷೆಯೂ ಮ್ಯಾಂಟನದೇ. ಅದನ್ನೇ ಈಗಿನವರು ಸಿ.ಪಿ.ಆರ್. ಆಸ್ಪತ್ರೆ ಎನ್ನುತ್ತಾರೆ.

ಟೌನ್ ಹಾಲನ್ನೂ ಹೊಸ ಅರಮನೆಯನ್ನೂ ಒಂದೇ ದಿನ ನೋಡಿದವರಿಗೆ ಇವೆರಡೂ ಒಬ್ಬನೇ ವ್ಯಕ್ತಿಯ ಕೈಯಿಂದ ಬಂದವೆಂದು ನಂಬುವುದು ಕಷ್ಟ. ಕೆಲವೇ ವರ್ಷಗಳಲ್ಲಿ ಮ್ಯಾಂಟನ ಕಣ್ಣು ಬದಲಾಗಿತ್ತು. ಯುರೋಪಿನ ಎಂಜಿನಿಯರಿಂಗಿನ ಉಪಯುಕ್ತತೆಯನ್ನು ಈ ನೆಲದ ಶಿಲ್ಪದ ಸೊಬಗು ಮತ್ತು ಗಾಂಭೀರ್ಯದೊಂದಿಗೆ ಕೂಡಿಸಬೇಕೆಂಬುದು ಆತನ ಗುರಿಯಾಯಿತು. ಗುಜರಾತಿನ ಜೈನ ಬಸದಿಗಳ ಕಂಬ, ರಾಜಸ್ಥಾನದ ಝರೋಕ, ಸುಲ್ತಾನರ ಕಾಲದ ಕಮಾನು ಮತ್ತು ಗುಮ್ಮಟ, ಮರಾಠರ ವಾಡೆ, ಇವನ್ನೆಲ್ಲ ಒಂದೇ ಮನೆಯಲ್ಲಿ ಸೇರಿಸುವ ಈ ಬಗೆಯನ್ನು ಮುಂದೆ ಇಂಡೋ-ಸಾರ್ಸೆನಿಕ್ ಎಂದು ಕರೆದರು. ಕನ್ನಡಿಗರಿಗೆ ಈ ಶೈಲಿಯ ನೆನಪಾಗುವುದು ಹೆನ್ರಿ ಇರ್ವಿನ್ ರೂಪಿಸಿದ ಮೈಸೂರಿನ ಅಂಬಾವಿಲಾಸ ಅರಮನೆಯಿಂದ. ಅದರ ಕೆಲಸ ಆರಂಭವಾದದ್ದು 1897ರಲ್ಲಿ. ಕೊಲ್ಲಾಪುರದ ಹೊಸ ಅರಮನೆಗೆ ಕಲ್ಲು ಬಿದ್ದದ್ದು ಅದಕ್ಕೂ ಇಪ್ಪತ್ತು ವರ್ಷ ಮೊದಲು, 1877ರಲ್ಲಿ.

ಆ ವರ್ಷವನ್ನು ಮರೆಯುವಂತಿಲ್ಲ. 1876ರಿಂದ 1878ರವರೆಗೆ ದಖ್ಖನವನ್ನು ಸುಟ್ಟ ಮಹಾಕ್ಷಾಮದ ನಡುವಿನ ವರ್ಷ ಅದು. ಮೈಸೂರು ಸೀಮೆಯವರು ಧಾತು ಈಶ್ವರ ಸಂವತ್ಸರಗಳ ಬರವೆಂದು ನೆನೆದದ್ದು ಇದನ್ನೇ. ಅಂದಿನ ಕಲಾದಗಿ ಜಿಲ್ಲೆಯ ಹಳ್ಳಿಗಳು ಬರಿದಾಗುತ್ತಿದ್ದಾಗ ಅಷ್ಟೇನೂ ದೂರವಲ್ಲದ ಕೊಲ್ಲಾಪುರದಲ್ಲಿ ಅರಮನೆಯ ಗೋಡೆಗಳು ಮೇಲೇಳತೊಡಗಿದ್ದವು. ರೈಲು ಕೊಲ್ಲಾಪುರವನ್ನು ಮುಟ್ಟಿದ್ದು 1891ರಲ್ಲಿ. ಹಾಗಾಗಿ ಆಗ ಕಲ್ಲು, ಸುಣ್ಣ, ಮರ ಎಲ್ಲದರ ಸಾಗಣೆಗೂ ರಸ್ತೆಯೇ ಗತಿ. ನಕ್ಷೆಯ ಕೆಳಗೆ ಮ್ಯಾಂಟನ ಹೆಸರಿದೆ. ಕರಿಕಲ್ಲನ್ನು ಕಂಡರಿಸಿ ಕನ್ನಡಿಯಂತೆ ಉಜ್ಜಿದ ಕಲ್ಲುಕುಟಿಗರ ಹೆಸರುಗಳಿಲ್ಲ.

ಅರಮನೆ ಯಾರಿಗಾಗಿ ಎದ್ದಿತೋ ಆ ನಾಲ್ಕನೆಯ ಶಿವಾಜಿ ಮಹಾರಾಜರ ಕಥೆ ಇನ್ನೂ ಶೋಚನೀಯ. ರಾಜಾರಾಮರ ಬಳಿಕ 1871ರಲ್ಲಿ ದತ್ತಕವಾಗಿ ಬಂದ ಬಾಲಕನಿಗೆ ಬುದ್ಧಿಭ್ರಮಣೆಯಾಗಿದೆ ಎಂದು ಆಳುವವರು ತೀರ್ಮಾನಿಸಿದರು. ದಿವಾನ ಬರ್ವೆಯವರು ಮಹಾರಾಜರನ್ನು ಹಿಂಸಿಸುತ್ತಿದ್ದಾರೆಂದು ಕೇಸರಿ ಮತ್ತು ಮರಾಠಾ ಪತ್ರಿಕೆಗಳು ಬರೆದವು. ದಿವಾನರು ಮಾನನಷ್ಟದ ದಾವೆ ಹೂಡಿದರು. 1882ರಲ್ಲಿ ತಿಲಕರಿಗೂ ಆಗರ್‌ಕರರಿಗೂ ನಾಲ್ಕು ತಿಂಗಳ ಸಜೆಯಾಗಿ, ಮುಂಬಯಿಯ ಡೋಂಗರಿ ಜೈಲಿನಲ್ಲಿ ಅವರು 101 ದಿನ ಕಳೆದರು. ಮಹಾರಾಜರನ್ನು ಅಹಮದನಗರಕ್ಕೆ ಒಯ್ದು ಕಾವಲಿನಲ್ಲಿಟ್ಟರು. 1883ರ ಡಿಸೆಂಬರ್ 25ರಂದು, ಕಾವಲಿಗಿದ್ದ ಗ್ರೀನ್ ಎಂಬ ಗೋರಾ ಸಿಪಾಯಿಯೊಂದಿಗೆ ನಡೆದ ಹೊಯ್‌ಕೈಯಲ್ಲಿ ಅವರು ಸತ್ತರು. ಅರಮನೆ ಇನ್ನೂ ಮುಗಿದಿರಲಿಲ್ಲ.

ಅಷ್ಟರೊಳಗೆ ಮ್ಯಾಂಟನೂ ಇರಲಿಲ್ಲ. ಆತನಿಗೆ ಕೆಲಸ ಒಂದೂರಿನದಾಗಿರಲಿಲ್ಲ. ಅಜ್ಮೇರಿನಲ್ಲಿ ರಾಜಕುಮಾರರ ಶಿಕ್ಷಣಕ್ಕೆಂದು ಸ್ಥಾಪಿಸಿದ ಮೇಯೋ ಕಾಲೇಜಿನ ಮುಖ್ಯ ಕಟ್ಟಡಕ್ಕೆ 1878ರಲ್ಲಿ ಅಡಿಗಲ್ಲು ಬಿತ್ತು, ನಕ್ಷೆ ಮ್ಯಾಂಟನದು. ಬರೋಡೆಯಲ್ಲಿ ಬಾಲಕ ಸಯಾಜಿರಾವ್ ಗಾಯಕವಾಡರಿಗಾಗಿ ಲಕ್ಷ್ಮೀವಿಲಾಸವೆಂಬ ಮಹಾಸೌಧದ ಯೋಜನೆ, ಅದೂ ಆತನದು. ಬಿಹಾರದ ದರಭಂಗಾದ ಅರಮನೆಗೂ ಆತನೇ. ಒಂದೊಂದೂ ಒಬ್ಬ ವಾಸ್ತುಶಿಲ್ಪಿಯ ಬಾಳನ್ನೇ ತುಂಬಬಲ್ಲ ಕೆಲಸ. ಒಂದೂರಿನಲ್ಲಿ ತಳಪಾಯ ಏಳುತ್ತಿದ್ದರೆ ಇನ್ನೊಂದೂರಿನಲ್ಲಿ ಕಮಾನಿಗೆ ಕಲ್ಲು ಕೂರುತ್ತಿತ್ತು. ಇಂಥ ದಿನಗಳಲ್ಲಿ ಮ್ಯಾಂಟನ ಮನಸ್ಸಿಗೆ ಒಂದು ಭಯ ಹೊಕ್ಕಿತು: ಲೆಕ್ಕ ತಪ್ಪಿದೆ, ತಾನು ರೂಪಿಸಿದ ಅರಮನೆಗಳು ಕುಸಿಯಲಿವೆ. ಆ ಭಯ ಮತ್ತೆ ಬಿಡಲಿಲ್ಲ.

ಆತ ಹೆದರಿದ್ದು ಯಾವುದಕ್ಕೆಂದು ಅರಿಯಬೇಕಾದರೆ ಕಲ್ಲಿನ ಕಮಾನಿನ ಸ್ವಭಾವ ತಿಳಿದಿರಬೇಕು. ಅದಕ್ಕೆ ಆ ಕಾಲದ್ದೇ ಆದ ಒಂದು ಆಟಿಕೆಯ ನೆರವನ್ನು ಪಡೆಯಬಹುದು. ಮಕ್ಕಳ ಕೈಗೆ ಮರದ ತುಂಡುಗಳನ್ನು ಕೊಟ್ಟು ಕಟ್ಟುವುದನ್ನು ಕಲಿಸಬೇಕೆಂದವನು ಜರ್ಮನಿಯ ಫ್ರೋಬೆಲ್. ಶಿಶುವಿಹಾರಗಳ ಮೂಲಪುರುಷ ಆತನೇ. ಅದೇ ದಾರಿಯಲ್ಲಿ ಮುಂದುವರಿದು ಲಿಲಿಯೆಂಥಾಲ್ ಸಹೋದರರು ಕ್ವಾರ್ಟ್ಸ್ ಮರಳು, ಸೀಮೆಸುಣ್ಣ ಮತ್ತು ಅಗಸೆ ಎಣ್ಣೆಯನ್ನು ಕಲಸಿ ಅಚ್ಚೊತ್ತಿ, ನಿಜವಾದ ಕಲ್ಲಿನಂತೆಯೇ ತೂಕವುಳ್ಳ ಆಟದ ಕಲ್ಲುಗಳನ್ನು ಮಾಡಿದರು. ಅವರಲ್ಲಿ ಅಣ್ಣ ಓಟೊ ಲಿಲಿಯೆಂಥಾಲನೇ ಮುಂದೆ ರೆಕ್ಕೆ ಕಟ್ಟಿಕೊಂಡು ಗುಡ್ಡದಿಂದ ಗಾಳಿಯಲ್ಲಿ ತೇಲಿ, 1896ರಲ್ಲಿ ಬಿದ್ದು ಸತ್ತ ಸಾಹಸಿ. ಈ ಕಲ್ಲುಗಳ ಹಕ್ಕನ್ನು 1880ರಲ್ಲಿ ರಿಕ್ಟರ್ ಎಂಬ ವ್ಯಾಪಾರಿ ಕೊಂಡು ಲಂಗರಿನ ಗುರುತಿನಲ್ಲಿ ಲೋಕಕ್ಕೆಲ್ಲ ಮಾರಿದ. ಕೆಂಪು ಇಟ್ಟಿಗೆಯ ಬಣ್ಣ, ಮರಳುಗಲ್ಲಿನ ಹಳದಿ, ಮಾಡಿನ ಕಲ್ಲಿನ ನೀಲಿ, ಹೀಗೆ ಮೂರು ಬಣ್ಣ. ಐನ್‌ಸ್ಟೈನ್ ಬಾಲ್ಯದಲ್ಲಿ ಆಡಿದ್ದು ಈ ಕಲ್ಲುಗಳಿಂದಲೇ.

ಈ ಕಲ್ಲುಗಳಿಗೆ ಗಾರೆ ಇಲ್ಲ, ಅಂಟಿಲ್ಲ. ತೂಕ ಮತ್ತು ಆಕಾರದ ಬಲದಿಂದಲೇ ನಿಲ್ಲಬೇಕು. ಕಂಬದ ಮೇಲೆ ಕಂಬ ಇಡುವುದು ಸುಲಭ. ಕಮಾನು ಹಾಗಲ್ಲ. ಮೊದಲು ಎರಡು ಕಾಲು ನಿಲ್ಲಿಸಬೇಕು. ನಡುವೆ ಬಾಗಿದ ಆಸರೆಯೊಂದನ್ನು ಇಡಬೇಕು. ಗೌಂಡಿಗಳು ಸೆಂಟ್ರಿಂಗ್ ಎನ್ನುವುದು ಅದನ್ನೇ. ಆಸರೆಯ ಮೇಲೆ ಬೆಣೆಯಾಕಾರದ ಕಲ್ಲುಗಳನ್ನು ಎರಡೂ ಕಡೆಯಿಂದ ಸಮನಾಗಿ ಜೋಡಿಸುತ್ತ ಮೇಲೇರಬೇಕು. ನೆತ್ತಿಯ ಬೆಣೆಗಲ್ಲು ಕೂರುವ ತನಕ ಅದು ಕಮಾನಲ್ಲ, ಬೀಳಲು ಕಾದಿರುವ ಕಲ್ಲುಗಳ ಎರಡು ಸಾಲು. ನೆತ್ತಿಗಲ್ಲು ಕೂತ ಮೇಲೆ ಮಗು ಆಸರೆಯನ್ನು ಮೆಲ್ಲನೆ ಎಳೆಯುತ್ತದೆ. ಹೆಚ್ಚಿನ ಸಲ ಆಗುವುದೇನೆಂದರೆ ಕಲ್ಲುಗಳು ನೇರ ಕೆಳಗೆ ಬೀಳುವುದಿಲ್ಲ. ಕಾಲುಗಳು ಹೊರಕ್ಕೆ ಸರಿಯುತ್ತವೆ, ಆಮೇಲೆ ಎಲ್ಲವೂ ಕುಸಿಯುತ್ತದೆ. ಕಮಾನು ತನ್ನ ಭಾರವನ್ನು ಕೆಳಕ್ಕೆ ಮಾತ್ರವಲ್ಲ, ಪಕ್ಕಕ್ಕೂ ತಳ್ಳುತ್ತದೆಂಬುದು ಮಗುವಿಗೆ ಹೀಗೆ ಗೊತ್ತಾಗುತ್ತದೆ. ಪರಿಹಾರವೂ ಕೈಗೇ ಸಿಗುತ್ತದೆ: ಕಾಲುಗಳ ಮೇಲೆ ಇನ್ನಷ್ಟು ಕಲ್ಲು ಹೇರಿದರೆ ಕಮಾನು ನಿಲ್ಲುತ್ತದೆ. ಭಾರ ಹೆಚ್ಚಿದರೆ ಬೀಳುವುದೆಂಬ ಸಾಮಾನ್ಯ ಎಣಿಕೆಗೆ ಇದು ವಿರುದ್ಧ. ಮೇಲಿನ ಭಾರ ಪಕ್ಕದ ತಳ್ಳನ್ನು ಕೆಳಮುಖವಾಗಿ ತಿರುಗಿಸಿ ಕಾಲಿನೊಳಗೇ ನೆಲಕ್ಕೆ ಇಳಿಸುತ್ತದೆ. ಗಾಥಿಕ್ ಇಗರ್ಜಿಗಳ ಆಸರೆಗಂಬದ ತಲೆಯ ಮೇಲೆ ಚೂಪು ಶಿಖರಗಳಿರುವುದು ಬರಿಯ ಅಲಂಕಾರಕ್ಕಲ್ಲ.

ಈ ಪಕ್ಕದ ತಳ್ಳನ್ನು ನಮ್ಮ ಶಿಲ್ಪಿಗಳು ಬಲ್ಲವರಾಗಿದ್ದರು. ಬಲ್ಲವರಾದ್ದರಿಂದಲೇ ಬಹುಕಾಲ ಅದನ್ನು ದೂರವಿಟ್ಟರು. ಇಚಲಕರಂಜಿಯಿಂದ ಹತ್ತಿರದ ಖಿದ್ರಾಪುರದಲ್ಲಿ, ಕನ್ನಡ ಶಾಸನಗಳೂ ಇರುವ ಕೋಪೇಶ್ವರ ದೇವಾಲಯದ ಸ್ವರ್ಗಮಂಟಪವನ್ನು ನೋಡಬಹುದು. 48 ಕಂಬಗಳ ಆ ಮಂಟಪದ ನೆತ್ತಿ ಆಕಾಶಕ್ಕೆ ತೆರೆದಿದೆ. ಅಲ್ಲಿ ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಒಳಕ್ಕೆ ಚಾಚಿದ ಕಲ್ಲಿನ ಬಳೆಗಳು. ಭಾರವೆಲ್ಲ ನೇರ ಕೆಳಕ್ಕೆ. ಕಮಾನು ಎಂದೂ ನಿದ್ರಿಸುವುದಿಲ್ಲ ಎಂಬ ಭಾವನೆ ಹಿಂದೂ ಶಿಲ್ಪಿಗಳಲ್ಲಿತ್ತೆಂದು ವಾಸ್ತುಚರಿತ್ರಕಾರ ಫರ್ಗ್ಯುಸನ್ ಬರೆದಿದ್ದಾನೆ. ಭಾರತೀಯ ವಾಸ್ತುವನ್ನು ಕುರಿತ ಆತನ ದೊಡ್ಡ ಗ್ರಂಥ ಹೊರಬಂದದ್ದು 1876ರಲ್ಲಿ, ಮ್ಯಾಂಟ್ ಅರಮನೆಯನ್ನು ಆರಂಭಿಸುವ ಹಿಂದಿನ ವರ್ಷ. ಇನ್ನೊಂದು ದಿಕ್ಕಿಗೆ, ವಿಜಾಪುರದಲ್ಲಿ, ಆದಿಲ್‌ಶಾಹಿ ಶಿಲ್ಪಿಗಳು ಒಂದನ್ನೊಂದು ಹಾದು ಹೋಗುವ ಎಂಟು ಕಮಾನುಗಳ ಮೇಲೆ 44 ಮೀಟರು ಅಗಲದ ಗೋಲಗುಮ್ಮಟವನ್ನು ಕೂರಿಸಿ, ನಿದ್ರಿಸದ ಕಮಾನನ್ನು ಮೂರೂವರೆ ಶತಮಾನಕ್ಕೂ ಮೀರಿ ಅಲುಗದಂತೆ ನಿಲ್ಲಿಸಿದ್ದಾರೆ. ಮ್ಯಾಂಟ್ ಒಂದೇ ಕಟ್ಟಡದಲ್ಲಿ ಕೂಡಿಸಹೊರಟದ್ದು ಈ ಎರಡು ಪರಂಪರೆಗಳನ್ನು: ತೊಲೆಯ ಸಮಾಧಾನವನ್ನೂ ಕಮಾನಿನ ಒತ್ತಡವನ್ನೂ.

ಹಾಗಾಗಿ ಆತನ ಭಯಕ್ಕೆ ಆಧಾರವೇ ಇರಲಿಲ್ಲವೆನ್ನಲಾಗದು. ಎತ್ತರದ ಗೋಪುರ, ಅದರ ಬುಡದಲ್ಲಿ ತೆರೆದ ಕಮಾನುಗಳು, ಮೇಲೆ ಗುಮ್ಮಟ. ಎಲ್ಲಿಯಾದರೂ ಕಾಲು ಸರಿದರೆ ಮಗುವಿನ ಆಟದಂತೆಯೇ ಎಲ್ಲವೂ ಹೊರಕ್ಕೆ. ಆಟದಲ್ಲಿ ಮಗು ನಕ್ಕು ಮತ್ತೆ ಕಟ್ಟುತ್ತದೆ. ಇಲ್ಲಿ ಕೆಳಗೆ ಮನುಷ್ಯರಿರುತ್ತಾರೆ. ಎಚ್ಚರವಿರುವ ಎಂಜಿನಿಯರಿನಲ್ಲಿ ಈ ಅಂಜಿಕೆಯ ಒಂದಂಶ ಇರಲೇಬೇಕು. ಮ್ಯಾಂಟನಲ್ಲಿ ಅದು ಅಂಶವಾಗಿ ಉಳಿಯದೆ ಎಲ್ಲವನ್ನೂ ಆವರಿಸಿತು. ಆತನ ಮನಸ್ಸಿನ ಸ್ಥಿಮಿತ ತಪ್ಪಿತು. 1881ರಲ್ಲಿ, ನಲವತ್ತನ್ನು ದಾಟಿದ ಸ್ವಲ್ಪ ಸಮಯದಲ್ಲೇ, ಆತ ತೀರಿಕೊಂಡ. ಅರಮನೆಗಳ ಮಾರ್ಗದರ್ಶಿಗಳು ಈ ಸಂಗತಿಯನ್ನು ಒಂದು ವಿಚಿತ್ರ ಕಥೆಯೆಂಬಂತೆ ಹೇಳಿ ಮುಂದೆ ಸಾಗುವುದುಂಟು. ಅದು ನ್ಯಾಯವಲ್ಲ. ಹುಚ್ಚನೆಂದು ಸಾರಲಾದ ರಾಜನಿಗಾಗಿ, ಹುಚ್ಚನೆನಿಸಿಕೊಂಡ ಶಿಲ್ಪಿ ರೂಪಿಸಿದ ಮನೆಯೆಂದು ಹಗುರಾಗಿ ಆಡಬಹುದು. ಇಬ್ಬರ ನರಳಾಟವೂ ಆ ಮಾತಿನಲ್ಲಿ ಕಾಣದೆ ಹೋಗುತ್ತದೆ.

ಲೆಕ್ಕ ನಿಜವಾಗಿ ತಪ್ಪಿತ್ತೇ? ಕಟ್ಟಡಗಳೇ ಉತ್ತರ ಹೇಳುತ್ತಿವೆ. ಆದರೆ ಅವು ಏಕೆ ನಿಂತವೆಂಬುದಕ್ಕೆ ಸ್ಪಷ್ಟ ವಿವರಣೆ ಬರಲು ಇನ್ನೂ ಕಾಲ ಬೇಕಾಯಿತು. ತೂಗುಬಿದ್ದ ಸರಪಳಿಯ ಆಕಾರವನ್ನು ತಲೆಕೆಳಗು ಮಾಡಿದರೆ ನಿಲ್ಲುವ ಕಮಾನಿನ ಆಕಾರ ದೊರೆಯುತ್ತದೆಂದು ರಾಬರ್ಟ್ ಹುಕ್ 1675ರಲ್ಲೇ ಸೂಚಿಸಿದ್ದ. ಕಮಾನಿನೊಳಗೆ ಒತ್ತಡ ಹರಿಯುವ ರೇಖೆಯನ್ನು ಬರೆಯುವ ವಿಧಾನ ಮ್ಯಾಂಟನ ಕಾಲದ ಎಂಜಿನಿಯರುಗಳಿಗೂ ತಿಳಿದಿತ್ತು. ಕೇಂಬ್ರಿಜ್‌ನ ಜಾಕ್ ಹೇಮನ್ 1966ರಲ್ಲಿ ಇದನ್ನು ಸಿದ್ಧಾಂತವಾಗಿ ನಿಲ್ಲಿಸಿದ. ಕಲ್ಲಿನ ಕಟ್ಟಡದಲ್ಲಿ ಕಲ್ಲು ಜಜ್ಜಿಹೋಗುವ ಅಪಾಯ ತೀರ ಕಡಿಮೆ. ಅದು ತಾಳಬಲ್ಲ ಒತ್ತಡದ ಸಣ್ಣ ಪಾಲು ಮಾತ್ರ ಅದರ ಮೇಲೆ ಬಿದ್ದಿರುತ್ತದೆ. ಪ್ರಶ್ನೆ ಇರುವುದು ಆಕಾರದ್ದು. ಒತ್ತಡದ ರೇಖೆ ಕಲ್ಲಿನ ದಪ್ಪದೊಳಗೇ ಹರಿಯುವ ಒಂದೇ ಒಂದು ದಾರಿಯನ್ನು ತೋರಿಸಿಕೊಟ್ಟರೆ ಸಾಕು, ಕಮಾನು ನಿಲ್ಲುತ್ತದೆ. ಆಕಾರದ ಪ್ರಶ್ನೆಯಾದ್ದರಿಂದ ಅಳತೆ ಮುಖ್ಯವಲ್ಲ: ಮೇಜಿನ ಮೇಲೆ ಆಟದ ಕಲ್ಲಿನಲ್ಲಿ ನಿಂತ ಕಮಾನು, ಅದೇ ಪ್ರಮಾಣದಲ್ಲಿ ನೂರು ಪಟ್ಟು ಹಿಗ್ಗಿಸಿ ಕರಿಕಲ್ಲಿನಲ್ಲಿ ಕಟ್ಟಿದರೂ ನಿಲ್ಲುತ್ತದೆ. ನೆಲ ಕುಗ್ಗದಿರಬೇಕು, ಅಷ್ಟೆ. ಮೇಜಿಗೂ ಮಣ್ಣಿಗೂ ಅಲ್ಲಿ ವ್ಯತ್ಯಾಸವುಂಟು. ಸಣ್ಣ ಬಿರುಕುಗಳೂ ಹೇಮನ್‌ನ ಪ್ರಕಾರ ಕೇಡಿನ ಗುರುತಲ್ಲ. ಕಟ್ಟಡ ತನ್ನ ಕಾಲನ್ನು ಸರಿಪಡಿಸಿಕೊಂಡ ಗುರುತು.

ಮ್ಯಾಂಟನಿಗೆ ಬೇಕಾಗಿದ್ದ ಭರವಸೆ ಇದು. ಆತ ಸಾಯುವ ಹಿಂದಿನ ವರ್ಷ ಜರ್ಮನಿಯಲ್ಲಿ ರಿಕ್ಟರನ ಕೈಗೆ ಬಂದ ಕಲ್ಲುಗಳಲ್ಲಿ ಅದು ಆಟವಾಗಿ ಅಡಗಿತ್ತು. ಸಿದ್ಧಾಂತವಾಗಿ ಹೊರಬಂದದ್ದು ಆತ ಸತ್ತ 85 ವರ್ಷಗಳ ಮೇಲೆ.

ಉಳಿದ ಕೆಲಸವನ್ನು ಇತರರು ಮುಗಿಸಿದರು. ಬರೋಡೆಯ ಲಕ್ಷ್ಮೀವಿಲಾಸವನ್ನು ಮದರಾಸಿನಲ್ಲಿ ಹೆಸರು ಮಾಡಿದ್ದ ರಾಬರ್ಟ್ ಚಿಸಮ್ ಕೈಗೆತ್ತಿಕೊಂಡು 1890ರಲ್ಲಿ ಪೂರೈಸಿದ. ಮೇಯೋ ಕಾಲೇಜಿನ ಕಟ್ಟಡ 1885ರಲ್ಲಿ ಮುಗಿಯಿತು. ಕೊಲ್ಲಾಪುರದ ಹೊಸ ಅರಮನೆ 1884ರಲ್ಲಿ. ಅದೇ ವರ್ಷದ ಮಾರ್ಚ್ 17ರಂದು ಕಾಗಲದ ಘಾಟಗೆ ಮನೆತನದ ಯಶವಂತರಾವ್ ಎಂಬ ಬಾಲಕ ದತ್ತಕವಾಗಿ ಬಂದು ಶಾಹೂ ಎಂಬ ಹೆಸರು ಪಡೆದರು. ಹಿಂದುಳಿದ ವರ್ಗಗಳವರಿಗೆ ಸಂಸ್ಥಾನದ ನೌಕರಿಗಳಲ್ಲಿ ನೂರಕ್ಕೆ ಐವತ್ತನ್ನು ಕಾಯ್ದಿರಿಸಿದ 1902ರ ಆಜ್ಞೆ ಅವರದು.

1967ರ ಡಿಸೆಂಬರ್ 11ರ ಬೆಳಗಿನ ಜಾವ ಕೊಯ್ನಾದ ಭೂಕಂಪ ಸಹ್ಯಾದ್ರಿಯ ಊರುಗಳನ್ನು ನಡುಗಿಸಿತು. ಮ್ಯಾಂಟನ ಗೋಪುರ ನಿಂತೇ ಇತ್ತು. ಈಗ ಅರಮನೆಯ ಕೆಳ ಅಂತಸ್ತು ಶಹಾಜಿ ಛತ್ರಪತಿ ವಸ್ತುಸಂಗ್ರಹಾಲಯ. ಬಣ್ಣದ ಗಾಜುಗಳಲ್ಲಿ ಶಿವಾಜಿ ಮಹಾರಾಜರ ಚರಿತ್ರೆ ಇರುವ ದರಬಾರು ಸಭಾಂಗಣದಲ್ಲಿ ನೋಡುಗರ ಕಣ್ಣು ಗಾಜಿನ ಕಡೆಗೇ ಹೋಗುತ್ತದೆ, ಅವುಗಳನ್ನು ಹಿಡಿದಿರುವ ಕಮಾನುಗಳ ಕಡೆಗಲ್ಲ. ಟೌನ್ ಹಾಲಿನ ಎದುರಿನ ಆಸ್ಪತ್ರೆಗೆ ಜಿಲ್ಲೆಯ ಮೂಲೆಮೂಲೆಯಿಂದ ರೋಗಿಗಳು ಬರುತ್ತಾರೆ, ಕನ್ನಡ ಆಡುವವರೂ ಮರಾಠಿ ಆಡುವವರೂ; ಜತೆಗೆ ಬಂದವರು ಹಳೆಯ ಕಟ್ಟಡದ ನೆರಳಿನಲ್ಲಿ ಬುತ್ತಿ ಬಿಚ್ಚಿ ಕೂರುತ್ತಾರೆ.